ಗೋಡೆಯ ಹೊದಿಕೆ ಬದಲಿಸುವ ದುಡ್ಡು ಯಾರದ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಬರೆದಿದ್ದೆವು: ಇಂಗ್ಲೆಂಡಿನಲ್ಲಿ ಎತ್ತರದ ಕಟ್ಟಡದಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವವರು ಮೊದಲು ಅದರ ಕ್ಲ್ಯಾಡಿಂಗ್ ವಿಚಾರಿಸಿ ಅಂತ. ಕ್ಲ್ಯಾಡಿಂಗ್ ಅಂದರೆ ಗೋಡೆಯ ಹೊರಗಿನಿಂದ ಹೊಡೆಯುವ ಹೊದಿಕೆ, ಶೀಟು. ಆ ಒಂದು ಸಾಲಿಗೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಪತ್ರಗಳೇ ಪತ್ರಗಳು. ಮೊದಲೆಲ್ಲ ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಿದ್ದರು, ಈಗ ಮಕ್ಕಳು ನರ್ಸಿಂಗ್, ಐಟಿ ಅಂತ ಇಂಗ್ಲೆಂಡಿಗೂ ಹೋಗಿದ್ದಾರೆ, ಹಾಗಾಗಿ ಆಶ್ಚರ್ಯವೇನಿಲ್ಲ. ಈ ಸಲ ಇಡೀ ಪುಟ ಅದಕ್ಕೇ.

ಪ್ರಶ್ನೆ: ನಮ್ಮ ಮಗಳು, ಅಳಿಯ ಮ್ಯಾಂಚೆಸ್ಟರಿನಲ್ಲಿದ್ದಾರೆ. 2018ರಲ್ಲಿ ಒಂಬತ್ತು ಮಾಳಿಗೆಯ ಕಟ್ಟಡದಲ್ಲಿ ಫ್ಲ್ಯಾಟ್ ತೆಗೆದುಕೊಂಡು ಅಲ್ಲೇ ವಾಸ. ಈಗ ಮಕ್ಕಳು ದೊಡ್ಡವರಾದರು ಅಂತ ಮಾರಲು ಹೊರಟರೆ, ಗೋಡೆಯ ಹೊದಿಕೆ ಬೆಂಕಿ ಹಿಡಿಯುವಂಥದ್ದು, ಸಾಲ ಕೊಡುವುದಿಲ್ಲ ಅಂತ ಕೊಳ್ಳುವವರ ಬ್ಯಾಂಕು ಹೇಳಿತಂತೆ. ಸರಕಾರ ದುಡ್ಡು ಕೊಡುತ್ತದೆ ಅಂತಾರೆ, ಆದರೆ ಇವರ ಖಾತೆಗೆ ಒಂದು ಪೌಂಡೂ ಬಂದಿಲ್ಲ. ಬಿಲ್ಲು ಇವರ ತಲೆಗೇ ಬಂದರೆ ತೋಟದ ಒಂದು ಭಾಗ ಕೊಟ್ಟು ದುಡ್ಡು ಕಳಿಸುವ ಯೋಚನೆ ಯಜಮಾನರದ್ದು. ಎಂತ ಮಾಡುವುದು? (ಬದಿಯಡ್ಕದ ಓದುಗರು)

ಉತ್ತರ: ಮೊದಲ ಮಾತು, ತೋಟಕ್ಕೆ ಕೈ ಹಾಕಬೇಡಿ. ನಿಮ್ಮ ಪತ್ರದಲ್ಲಿ ಇರುವಷ್ಟನ್ನು ನೋಡಿದರೆ ಅದರ ಅಗತ್ಯ ಬರುವುದಿಲ್ಲ.

ಖಾತೆಗೆ ದುಡ್ಡು ಬಂದಿಲ್ಲ ಅಂದಿರಲ್ಲ, ಅದು ಬರುವಂಥದ್ದೇ ಅಲ್ಲ. ಆ ಹಣ ಕಟ್ಟಡಕ್ಕೆ, ಮನೆಯವರಿಗಲ್ಲ. ಅಲ್ಲಿ ಫ್ಲ್ಯಾಟ್ ತೆಗೆದುಕೊಂಡವರು ಹೆಚ್ಚಾಗಿ ಲೀಸ್‌ದಾರರು. ನಮ್ಮ ಅಜ್ಜಂದಿರ ಕಾಲದ ಮೂಲಗೇಣಿ ಇತ್ತಲ್ಲ, ಬಹುಮಟ್ಟಿಗೆ ಹಾಗೆಯೇ: ಮನೆ ನಿಮ್ಮದೇ, ಮಾರಬಹುದು, ಮಕ್ಕಳಿಗೆ ಬಿಡಬಹುದು, ಆದರೆ ಜಾಗಕ್ಕೂ ಗೋಡೆಗೂ ಮೇಲೆ ಇನ್ನೊಬ್ಬ ಒಡೆಯ ಇರುತ್ತಾನೆ. ಅವನನ್ನು ಫ್ರೀಹೋಲ್ಡರ್ ಅನ್ನುತ್ತಾರೆ. ಹೊರಗೋಡೆ ರಿಪೇರಿಗೆ ಅರ್ಜಿ ಹಾಕಬೇಕಾದವನು ಅವನು, ಇಲ್ಲವೇ ಕಟ್ಟಡ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿ. ನಿಮ್ಮ ಮಗಳು ಅರ್ಜಿ ಹಾಕಲು ಹೊರಟರೂ ತೆಗೆದುಕೊಳ್ಳುವುದಿಲ್ಲ. ಈ ಕಟ್ಟಡದಲ್ಲಿ ಹೀಗೊಂದು ತೊಂದರೆ ಇದೆ ಎಂದು ಸರಕಾರದ ಸಂಸ್ಥೆಗೆ ತಿಳಿಸುವ ದಾರಿ ಮಾತ್ರ ವಾಸ ಇರುವವರಿಗೂ ಇದೆ. ಆ ಸಂಸ್ಥೆಯ ಹೆಸರು ಹೋಮ್ಸ್ ಇಂಗ್ಲೆಂಡ್.

ಒಂಬತ್ತು ಮಾಳಿಗೆ ಅಂದರೆ 18 ಮೀಟರಿಗಿಂತ ಮೇಲೆಯೇ ಇರುತ್ತದೆ. ಅಲ್ಲಿನ ನಿಯಮಗಳೆಲ್ಲ 18 ಮೀಟರ್, 11 ಮೀಟರ್ ಎಂಬ ಎರಡು ಅಳತೆಯ ಮೇಲೆ ನಿಂತಿವೆ. 18ಕ್ಕಿಂತ ಎತ್ತರದ ಕಟ್ಟಡಗಳಿಗೆ 2020ರಲ್ಲೇ ಬಿಲ್ಡಿಂಗ್ ಸೇಫ್ಟಿ ಫಂಡ್ ಎಂದು ಮಾಡಿದರು. 11ರಿಂದ 18ರವರೆಗಿನವರು ಸುಮ್ನೆ ಕಾಯುತ್ತಾ ಕೂತರು, ಅವರಿಗೆ ಕ್ಲ್ಯಾಡಿಂಗ್ ಸೇಫ್ಟಿ ಸ್ಕೀಮ್ ಪೂರ್ತಿ ತೆರೆದದ್ದು 2023ರ ಜುಲೈಯಲ್ಲಿ. ಇನ್ನೊಂದು ದಾರಿಯೂ ಉಂಟು. ಕಟ್ಟಡ ಕಟ್ಟಿದ ಬಿಲ್ಡರ್ ಸರಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವನಾದರೆ ಅವನೇ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು, ಆಗ ಫಂಡಿನ ಮಾತೇ ಬರುವುದಿಲ್ಲ. ಹಾಗಾಗಿ ಅಳಿಯ ಮ್ಯಾನೇಜ್‌ಮೆಂಟ್ ಕಂಪನಿಗೆ ಬರೆದು ಕೇಳಬೇಕಾದದ್ದು ಇಷ್ಟೇ: ರಿಪೇರಿ ಬಿಲ್ಡರ್ ಮಾಡುತ್ತಾನಾ, ಫಂಡಿನಿಂದಲಾ? ಫಂಡಿನಿಂದ ಆದರೆ ಅರ್ಜಿ ಹೋಗಿದೆಯಾ, ಈಗ ಯಾವ ಹಂತದಲ್ಲಿದೆ? ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲೇ ಬೇಕು.

ಈಗ ಬಿಲ್ಲಿನ ವಿಚಾರ. 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ಪ್ರಕಾರ 2022ರ ಫೆಬ್ರವರಿ 14 ಎಂಬ ಒಂದು ದಿನ ಮುಖ್ಯ. ಆ ದಿನ ಆ ಫ್ಲ್ಯಾಟ್ ಮಾಲೀಕರ ಮುಖ್ಯ ವಾಸದ ಮನೆಯಾಗಿದ್ದರೆ, ಅಥವಾ ಬ್ರಿಟನ್ನಿನಲ್ಲಿ ಅವರ ಹೆಸರಿನಲ್ಲಿ ಒಟ್ಟು ಮೂರಕ್ಕಿಂತ ಜಾಸ್ತಿ ಮನೆ ಇಲ್ಲದಿದ್ದರೆ, ಅವರಿಗೆ ಕಾನೂನಿನ ರಕ್ಷಣೆ ಉಂಟು. ನಿಮ್ಮ ಮಕ್ಕಳು 2018ರಿಂದ ಅಲ್ಲೇ ವಾಸ ಅಂದಿರಿ, ಹಾಗಾದರೆ ಅವರು ಇದರೊಳಗೆ ಬರುತ್ತಾರೆ. ಕ್ಲ್ಯಾಡಿಂಗ್ ಬದಲಿಸುವ ಖರ್ಚನ್ನು ಅವರಿಂದ ಒಂದು ಪೆನ್ನಿಯೂ ಕೇಳುವ ಹಾಗಿಲ್ಲ. ಕ್ಲ್ಯಾಡಿಂಗ್ ಅಲ್ಲದ ಬೇರೆ ದೋಷಗಳಿಗೆ ಕೇಳಬಹುದು, ಆದರೆ ಅದಕ್ಕೂ ಮಿತಿ ಇದೆ. ಸಾಮಾನ್ಯ ಬೆಲೆಯ ಫ್ಲ್ಯಾಟ್ ಆದರೆ ಲಂಡನ್ ಬಿಟ್ಟು ಉಳಿದ ಕಡೆ 10,000 ಪೌಂಡ್, ಲಂಡನ್ನಿನಲ್ಲಿ 15,000, ಅದನ್ನೂ ಹತ್ತು ವರ್ಷಕ್ಕೆ ಹಂಚಿ ವಸೂಲು ಮಾಡಬೇಕು. ಲಂಡನ್ ಹೊರಗೆ ಫ್ಲ್ಯಾಟಿನ ಬೆಲೆ 1,75,000 ಪೌಂಡಿಗಿಂತ ಕಡಿಮೆ ಇದ್ದರೆ ಅದೂ ಇಲ್ಲ. ಇದಕ್ಕೆಲ್ಲ ಆಧಾರವಾಗಿ ಡೀಡ್ ಆಫ್ ಸರ್ಟಿಫಿಕೇಟ್ ಎಂಬ ಕಾಗದವನ್ನು ಅವರು ತುಂಬಿ ಫ್ರೀಹೋಲ್ಡರ್‌ಗೆ ಕೊಟ್ಟಿರಬೇಕು. ಕೊಟ್ಟಿದ್ದಾರಾ ಅಂತ ಇವತ್ತೇ ಕೇಳಿ. ಎಷ್ಟೋ ಜನ ಇದನ್ನು ಕೊಡದೆ ಆಮೇಲೆ ಒದ್ದಾಡುತ್ತಾರೆ.

ಮಾರುವ ವಿಷಯಕ್ಕೆ ಬಂದರೆ, ಬ್ಯಾಂಕುಗಳು ಕೇಳುವುದು ಇಡಬ್ಲ್ಯುಎಸ್ 1 ಎಂಬ ಫಾರಂ. ಹೊರಗೋಡೆಯನ್ನು ತಜ್ಞರು ನೋಡಿ ಬರೆದುಕೊಡುವ ವರದಿ ಅದು, 2019ರ ಕೊನೆಗೆ ಶುರುವಾಯಿತು. ಫ್ಲ್ಯಾಟಿಗೊಂದು ಅಲ್ಲ, ಇಡೀ ಕಟ್ಟಡಕ್ಕೆ ಒಂದೇ, ಐದು ವರ್ಷ ನಡೆಯುತ್ತದೆ. ಆದರೆ 2023ರ ಜನವರಿಯಿಂದ ಅಲ್ಲಿನ ಆರು ದೊಡ್ಡ ಸಾಲಸಂಸ್ಥೆಗಳು ಒಂದು ಮಾತಿಗೆ ಒಪ್ಪಿವೆ: ಬಿಲ್ಡರೋ ಸರಕಾರವೋ ರಿಪೇರಿ ಮಾಡಿಸುವ ಕಟ್ಟಡವಾದರೆ, ಅಥವಾ ಫ್ಲ್ಯಾಟಿಗೆ ಮೇಲೆ ಹೇಳಿದ ಕಾನೂನಿನ ರಕ್ಷಣೆ ಇದ್ದರೆ, ಕೆಲಸ ಮುಗಿಯುವ ಮೊದಲೇ ಸಾಲದ ಅರ್ಜಿ ನೋಡುತ್ತೇವೆ ಅಂತ. ಕೊಳ್ಳುವವರು ಹೋದ ಒಂದು ಬ್ಯಾಂಕು ಇಲ್ಲ ಅಂದರೆ ಕಥೆ ಮುಗಿಯಲಿಲ್ಲ, ಇನ್ನೊಂದರಲ್ಲಿ ಕೇಳಲಿ. ಬೆಲೆ ಸ್ವಲ್ಪ ಇಳಿಸಬೇಕಾದೀತು, ಅದು ಬೇರೆ ಮಾತು.

ಪ್ರಶ್ನೆ: ಬಿಲ್ಡರ್ ಮಾಡಿದ ತಪ್ಪಿಗೆ ಸರಕಾರ ಯಾಕೆ ದುಡ್ಡು ಕೊಡಬೇಕು? ತೆರಿಗೆ ಕಟ್ಟುವವರೇನು ಪಾಪ ಮಾಡಿದ್ದರು? (ನಿವೃತ್ತ ಅಧ್ಯಾಪಕರು, ಮಂಜೇಶ್ವರ)

ಉತ್ತರ: ಮಾಷ್ಟ್ರೇ, ಅಲ್ಲಿಯೂ ಜನ ಇದನ್ನೇ ಕೇಳಿದರು.

2017ರ ಜೂನ್ 14ರ ರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಮಾಳಿಗೆಯ ಕಟ್ಟಡದಲ್ಲಿ ನಾಲ್ಕನೇ ಮಾಳಿಗೆಯ ಒಂದು ಅಡುಗೆಮನೆಯ ಫ್ರಿಜ್ಜಿನಿಂದ ಬೆಂಕಿ ಶುರುವಾಯಿತು. ಅಡುಗೆಮನೆಯ ಬೆಂಕಿ ಅಡುಗೆಮನೆಯಲ್ಲೇ ಮುಗಿಯಬೇಕಿತ್ತು. ಆದರೆ ಅದು ಕಿಟಕಿಯ ಅಂಚಿನಿಂದ ಹೊರಗಿನ ಹೊದಿಕೆಗೆ ಹಿಡಿದು ಗೋಡೆ ಹತ್ತಿತು. 72 ಜನ ಸತ್ತರು. ಆ ಹೊದಿಕೆಯನ್ನು ಹೊಡೆದದ್ದು ಕಟ್ಟಡ ಕಟ್ಟಿದಾಗ ಅಲ್ಲ, ಹಳೆ ಕಟ್ಟಡಕ್ಕೆ ಹೊಸ ಅಂದ ಕೊಡುವ ಕೆಲಸದಲ್ಲಿ. ಆ ಕೆಲಸ ಮುಗಿದದ್ದು ಹಿಂದಿನ ವರ್ಷವಷ್ಟೇ, 2016ರಲ್ಲಿ.

ಆಮೇಲೆ ಪರೀಕ್ಷೆ ಮಾಡುತ್ತಾ ಹೋದ ಹಾಗೆ ಅಂಥ ಹೊದಿಕೆ ಊರೂರಲ್ಲಿ ಸಿಕ್ಕಿತು. ಎಷ್ಟೋ ಕಡೆ ಕಟ್ಟಿದ ಕಂಪನಿಯೇ ಇಲ್ಲ, ಮುಚ್ಚಿಹೋಗಿದೆ. ಇದ್ದವರು ಆಗಿನ ನಿಯಮದ ಪ್ರಕಾರವೇ ಕಟ್ಟಿದ್ದೇವೆ ಎಂದರು. ಒಪ್ಪಿಗೆ ಕೊಟ್ಟವರು ಮೌನ. ಉಳಿದವರು ಯಾರು? ಫ್ಲ್ಯಾಟಿನವರು. ಒಬ್ಬೊಬ್ಬರಿಗೆ ಹತ್ತಾರು ಸಾವಿರ ಪೌಂಡಿನ ಬಿಲ್ಲು ಬಂತು. ಸರಕಾರ ಮೊದಲು 60 ಕೋಟಿ ಪೌಂಡ್ ಇಟ್ಟಿತು, ಅದು ಗ್ರೆನ್‌ಫೆಲ್ಲಿನಲ್ಲಿದ್ದ ನಮೂನೆಯ ಶೀಟಿಗೆ ಮಾತ್ರ. 2020ರಲ್ಲಿ ಬೇರೆ ನಮೂನೆಯ ಹೊದಿಕೆಗೂ ಅಂತ 100 ಕೋಟಿ. 2021ರ ಫೆಬ್ರವರಿಯಲ್ಲಿ ಇನ್ನೂ 350 ಕೋಟಿ. ಒಟ್ಟು 510 ಕೋಟಿ ಪೌಂಡ್.

ಅದೇ 2021ರಲ್ಲಿ, 18 ಮೀಟರಿಗಿಂತ ಗಿಡ್ಡ ಕಟ್ಟಡದವರಿಗೆ ಸಹಾಯಧನ ಇಲ್ಲ, ಸಾಲ ಕೊಡುತ್ತೇವೆ, ತಿಂಗಳಿಗೆ 50 ಪೌಂಡಿಗಿಂತ ಜಾಸ್ತಿ ಕಟ್ಟಬೇಕಿಲ್ಲ ಎಂದಿದ್ದರು. ಬೆಂಕಿಗೆ ಮೀಟರ್ ಟೇಪು ಹಿಡಿದ ಹಾಗೆ! 17 ಮೀಟರಿನವನು ಸಾಲಗಾರ, 19 ಮೀಟರಿನವನಿಗೆ ಪುಕ್ಕಟೆ. ಜನ ಬೀದಿಗಿಳಿದರು. 2022ರ ಜನವರಿಯಲ್ಲಿ ಮಂತ್ರಿ ಮೈಕಲ್ ಗೋವ್ ಆ ಸಾಲದ ಯೋಜನೆಯನ್ನೇ ಕೈಬಿಟ್ಟು, ಬಿಲ್ಡರುಗಳೇ ಕೊಡಲಿ ಎಂದರು. ಹಿಂದಿನ 30 ವರ್ಷದಲ್ಲಿ ತಾವು ಕಟ್ಟಿದ 11 ಮೀಟರಿಗಿಂತ ಎತ್ತರದ ಕಟ್ಟಡಗಳನ್ನು ಸರಿ ಮಾಡುತ್ತೇವೆ ಎಂದು ದೊಡ್ಡ ಬಿಲ್ಡರುಗಳು ಸಹಿ ಹಾಕಿದ್ದು ಆಮೇಲೆ. ದೊಡ್ಡ ಲಾಭದ ಮೇಲೆ ಶೇಕಡಾ 4ರ ಹೆಚ್ಚುವರಿ ತೆರಿಗೆ 2022ರ ಏಪ್ರಿಲಿನಿಂದ ಬಂತು.

ಸಾಕಾಯಿತಾ ದುಡ್ಡು? ಇಲ್ಲ. ಅಲ್ಲಿನ ಲೆಕ್ಕಪರಿಶೋಧಕರು 2024ರ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಒಟ್ಟು ಖರ್ಚಿನ ಅಂದಾಜು 1,660 ಕೋಟಿ ಪೌಂಡ್. ತೊಂದರೆ ಇರುವ ಕಟ್ಟಡಗಳಲ್ಲಿ ಶೇಕಡಾ 60ರಷ್ಟು ಇನ್ನೂ ಪತ್ತೆಯೇ ಆಗದೆ ಇರಬಹುದು ಎಂದೂ ಅದರಲ್ಲಿದೆ. ಸರಕಾರಿ ಯೋಜನೆಯಲ್ಲಿರುವ 18 ಮೀಟರಿಗಿಂತ ಎತ್ತರದ ಕಟ್ಟಡಗಳನ್ನು 2029ರ ಕೊನೆಯೊಳಗೆ ಮುಗಿಸುತ್ತೇವೆ ಎಂದು ಈಗಿನ ಸರಕಾರ ಹೇಳಿದೆ. ಬೆಂಕಿ ಬಿದ್ದು ಹನ್ನೆರಡು ವರ್ಷಕ್ಕೆ! ನನ್ನನ್ನು ಕೇಳಿದರೆ ಸರಕಾರ ಮೊದಲು ದುಡ್ಡು ಹಾಕಿದ್ದು ಸರಿಯೇ, ಜನ ಆ ಮನೆಗಳಲ್ಲಿ ಮಲಗುತ್ತಿದ್ದಾರಲ್ಲ. ವಸೂಲಿಯನ್ನು ಬಿಲ್ಡರುಗಳಿಂದ ಆಮೇಲೆ ಮಾಡಬಹುದು. ತಡ ಮಾಡಿದ್ದೇ ತಪ್ಪು.

ಪ್ರಶ್ನೆ: ಅಣ್ಣ ಲಂಡನ್ನಿನಲ್ಲಿ ಆರು ಮಾಳಿಗೆಯ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ನೋಡಿದ್ದಾನೆ. ಅಕ್ಕಪಕ್ಕದವಕ್ಕಿಂತ ತುಂಬ ಅಗ್ಗ. ಕ್ಲ್ಯಾಡಿಂಗ್ ಕೆಲಸ ಬಾಕಿ ಇದೆ, ಆದರೆ ಸರಕಾರದ ದುಡ್ಡು ಬರುತ್ತದೆ ಅಂತ ಏಜೆಂಟ್ ಹೇಳುತ್ತಾನೆ. ತೆಗೆದುಕೊಳ್ಳಬಹುದಾ? (ಕುಂಬಳೆ)

ಉತ್ತರ: ಏಜೆಂಟ್ ಹೇಳಿದ್ದು ಸುಳ್ಳಿರಲಿಕ್ಕಿಲ್ಲ, ಪೂರ್ತಿ ಅಲ್ಲ ಅಷ್ಟೇ.

ಮೇಲೆ ಹೇಳಿದ ಫೆಬ್ರವರಿ 14ರ ಲೆಕ್ಕ ಮನುಷ್ಯರಿಗಲ್ಲ, ಆ ಲೀಸಿಗೆ ಅಂಟಿಕೊಂಡದ್ದು. 2022ರಲ್ಲಿ ಆ ಫ್ಲ್ಯಾಟಿನ ಮಾಲೀಕ ಅಲ್ಲೇ ವಾಸ ಇದ್ದಿದ್ದರೆ, ಅದರ ರಕ್ಷಣೆ ನಿನ್ನ ಅಣ್ಣನಿಗೂ ಬರುತ್ತದೆ. ಆದರೆ ಆ ದಿನ ಅದು ಏಳೆಂಟು ಮನೆ ಇಟ್ಟುಕೊಂಡು ಬಾಡಿಗೆಗೆ ಕೊಡುವವನ ಕೈಯಲ್ಲಿದ್ದಿದ್ದರೆ? ಆಗ ರಕ್ಷಣೆ ಇಲ್ಲ, ಆಮೇಲೆ ಎಷ್ಟು ಒಳ್ಳೆಯವರ ಕೈಗೆ ಬಂದರೂ ಇಲ್ಲ. ಒಂದೇ ಕಟ್ಟಡದಲ್ಲಿ, ಎದುರುಬದುರು ಬಾಗಿಲಿನ ಎರಡು ಫ್ಲ್ಯಾಟುಗಳಿಗೆ ಬೇರೆ ಬೇರೆ ಕಾನೂನು. ಅಗ್ಗಕ್ಕೆ ಇದೇ ಕಾರಣ ಇರಬಹುದು.

ಇನ್ನೊಂದು, ಫಂಡು ಕೊಡುವುದು ಹೊರಗಿನ ಹೊದಿಕೆಗೆ. ಒಳಗಿನ ಬೆಂಕಿ ತಡೆಯುವ ಬಾಗಿಲು, ಮಾಳಿಗೆ ಮಾಳಿಗೆ ನಡುವೆ ಪೈಪು ಹೋದಲ್ಲಿ ಮುಚ್ಚದೆ ಬಿಟ್ಟ ತೂತು, ಇಂಥದ್ದಕ್ಕೆ ಅದರಿಂದ ಬರುವುದಿಲ್ಲ. ಹೊದಿಕೆ ಬಿಚ್ಚಿದ ಮೇಲೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. ರಕ್ಷಣೆ ಇಲ್ಲದ ಫ್ಲ್ಯಾಟಾದರೆ ಆ ಬಿಲ್ಲಿಗೆ ಕಾನೂನಿನ ಮಿತಿಯೂ ಇಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲು ಮಾರುವವರ ಡೀಡ್ ಆಫ್ ಸರ್ಟಿಫಿಕೇಟ್ ಅಣ್ಣನ ವಕೀಲರ ಕೈಗೆ ಬರಲಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಮನೆ ನೋಡಲು ಹೇಳು.

ಪ್ರಶ್ನೆ: ತಮ್ಮ ಲೀಡ್ಸ್‌ನಲ್ಲಿ ಓದುತ್ತಿದ್ದಾನೆ. ರಾತ್ರಿ ಒಂದು ಅಪಾರ್ಟ್‌ಮೆಂಟಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಸುಮ್ನೆ ನಡೆಯುವ ಕೆಲಸವಂತೆ. ಅಮ್ಮನಿಗೆ ಗಾಬರಿ. ಇದೆಂಥ ಕೆಲಸ? (ಪೆರ್ಲ)

ಉತ್ತರ: ಗಾಬರಿ ಬೇಡ, ಕೆಲಸ ನಿಜವಾದದ್ದೇ. ವೇಕಿಂಗ್ ವಾಚ್ ಅನ್ನುತ್ತಾರೆ. ಹೊದಿಕೆ ಅಪಾಯದ್ದು ಎಂದು ಗೊತ್ತಾದ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಎಲ್ಲರೂ ಒಟ್ಟಿಗೆ ಹೊರಗೆ ಓಡಬೇಕು. ಅದಕ್ಕೆ ಇಡೀ ಕಟ್ಟಡಕ್ಕೆ ಕೇಳಿಸುವ ಅಲಾರಂ ಬೇಕು. ಅದು ಇಲ್ಲದ ಕಡೆ ಮನುಷ್ಯರೇ ಅಲಾರಂ. ಕೈಯಲ್ಲಿ ಟಾರ್ಚು, ವಾಕಿಟಾಕಿ, ಗಟ್ಟಿಯಾಗಿ ಕೂಗುವ ಒಂದು ಏರ್ ಹಾರ್ನು. ಮೆಟ್ಟಿಲು ಹತ್ತಿ ಇಳಿದು, ವರಾಂಡದಲ್ಲಿ ಹೊಗೆಯ ವಾಸನೆ ಇದೆಯಾ ಅಂತ ನೋಡುತ್ತಾ ಇರಬೇಕು. ಹೊಗೆ ಕಂಡರೆ ಹಾರ್ನು ಊದಿ ಎಲ್ಲರ ಬಾಗಿಲು ಬಡಿಯಬೇಕು.

ಇದರ ಖರ್ಚನ್ನು ತಿಂಗಳುಗಟ್ಟಲೆ ಫ್ಲ್ಯಾಟಿನವರ ಸರ್ವಿಸ್ ಚಾರ್ಜಿಗೇ ಸೇರಿಸಿದ್ದರು. ಆ ಗಲಾಟೆಗೆ 2020ರ ಡಿಸೆಂಬರಿನಲ್ಲಿ ಸರಕಾರ 3 ಕೋಟಿ ಪೌಂಡ್ ಬೇರೆಯೇ ಇಟ್ಟಿತು, ಮನುಷ್ಯರ ಬದಲು ಅಲಾರಂ ಹಾಕಿಸಲಿಕ್ಕೆ. ತಮ್ಮ ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿಯೋ ಮಾಸ್ಟರ್ಸೋ ಮಾಡುತ್ತಿದ್ದರೆ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಅಮ್ಮ ಗಾಬರಿ ಆಗಬೇಕಾದದ್ದು ಅದಕ್ಕೆ.

ಪ್ರಶ್ನೆ: ಕ್ಲ್ಯಾಡಿಂಗ್ ಫಂಡ್ ಬೇಗ ಮಾಡಿಸಿಕೊಡುತ್ತೇನೆ, 500 ಪೌಂಡ್ ಕೊಡಿ ಅಂತ ಒಬ್ಬ ವಾಟ್ಸಾಪಿನಲ್ಲಿ ಭಾವನ ಹಿಂದೆ ಬಿದ್ದಿದ್ದಾನೆ. (ಮುಳ್ಳೇರಿಯ)

ಉತ್ತರ: ಮೋಸ. ಒಬ್ಬೊಬ್ಬರ ಹೆಸರಿನಲ್ಲಿ ಅರ್ಜಿಯೇ ಇಲ್ಲ ಅಂದ ಮೇಲೆ ಅವನು ಬೇಗ ಮಾಡಿಸುವುದು ಎಂತದ್ದನ್ನು? ಬ್ಲಾಕ್ ಮಾಡಲು ಹೇಳಿ.

ಪ್ರಶ್ನೆ: ನಾನು ಶಾರ್ಜಾದಲ್ಲಿ ಬಾಡಿಗೆಗೆ ಇರುವುದು, ಮೂವತ್ತಕ್ಕೂ ಮೇಲಿನ ಮಾಳಿಗೆಯ ಕಟ್ಟಡ, ಹೊರಗೆಲ್ಲ ಹೊಳೆಯುವ ಶೀಟು. ಹೆಂಡತಿ, ಮಕ್ಕಳೂ ಇದ್ದಾರೆ. ಕುವೈತಿನ ಸುದ್ದಿ ಕೇಳಿದ ಮೇಲೆ ನಿದ್ದೆ ಇಲ್ಲ. (ಉಪ್ಪಳದವರು, ಈಗ ಶಾರ್ಜಾ)

ಉತ್ತರ: 2024ರ ಜೂನ್ 12ರ ಮಂಗಾಫ್ ಬೆಂಕಿಯನ್ನು ನಮ್ಮ ಜಿಲ್ಲೆಯವರು ಯಾರೂ ಮರೆಯಲಿಕ್ಕಿಲ್ಲ, ಕನಿಷ್ಠ 45 ಭಾರತೀಯರು ಹೋದರು, ಕಾಸರಗೋಡಿನವರೂ ಇದ್ದರು. ಆದರೆ ಅದು ಕ್ಲ್ಯಾಡಿಂಗ್ ಬೆಂಕಿ ಅಲ್ಲ. ಕೆಲಸಗಾರರನ್ನು ತುಂಬಿಸಿದ್ದ ಕಟ್ಟಡದಲ್ಲಿ ಕೆಳಗೆ ಎದ್ದ ಬೆಂಕಿ, ಹೊಗೆ ಮೇಲೇರಿ ಮಲಗಿದ್ದವರನ್ನು ಕೊಂದದ್ದು. ಎರಡನ್ನೂ ಒಂದೇ ಮಾಡುವುದು ಬೇಡ.

ಹೊಳೆಯುವ ಶೀಟಿನ ಬೆಂಕಿ ನಿಮ್ಮ ಕಡೆಯೂ ಆಗಿದೆ. ದುಬೈಯ ಟಾರ್ಚ್ ಟವರ್ 2015ರಲ್ಲೊಮ್ಮೆ, 2017ರಲ್ಲಿ ಮತ್ತೊಮ್ಮೆ ಉರಿಯಿತು. ಶಾರ್ಜಾದ ಅಲ್ ನಹ್ದಾದಲ್ಲಿ 2020ರ ಮೇಯಲ್ಲಿ ಅಬ್ಕೋ ಟವರ್. ಟಿವಿಯಲ್ಲಿ ನೋಡಿದವರಿಗೆ ಯಾರೂ ಉಳಿಯಲಿಕ್ಕಿಲ್ಲ ಅನ್ನಿಸಿತ್ತು, ಆದರೆ ಈ ಮೂರರಲ್ಲೂ ಜೀವ ಹೋಗಲಿಲ್ಲ, ಜನ ಇಳಿದು ಬಂದರು. ಬಾಡಿಗೆದಾರರಾದ ನಿಮಗೆ ಶೀಟು ಬದಲಿಸುವ ಅಧಿಕಾರವೂ ಇಲ್ಲ, ಖರ್ಚೂ ಇಲ್ಲ. ನಿಮ್ಮ ಕೈಯಲ್ಲಿರುವುದು ಇಳಿಯುವ ದಾರಿ. ನಿಮ್ಮ ಮಾಳಿಗೆಯ ಎರಡೂ ಮೆಟ್ಟಿಲ ಬಾಗಿಲು ನಿಜವಾಗಿ ತೆರೆಯುತ್ತವಾ ಅಂತ ತಳ್ಳಿ ನೋಡಿ. ಹೆಂಡತಿ, ಮಕ್ಕಳನ್ನು ಒಂದು ಸಲ ಮೆಟ್ಟಿಲಲ್ಲೇ ಕೆಳಗಿನವರೆಗೆ ನಡೆಸಿ. ಬಾಲ್ಕನಿಯಲ್ಲಿ ರಟ್ಟಿನ ಪೆಟ್ಟಿಗೆ, ಹಳೆ ಹಾಸಿಗೆ ಇಡಬೇಡಿ, ಮೇಲಿನ ಮಾಳಿಗೆಯವರು ಸಿಗರೇಟಿನ ತುಂಡು ಎಸೆಯುತ್ತಾರೆ. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ 2014ರಲ್ಲಿ ಲ್ಯಾಕ್ರೋಸ್ ಎಂಬ ಕಟ್ಟಡ ಉರಿದದ್ದು ಬಾಲ್ಕನಿಯ ಒಂದು ಸಿಗರೇಟಿನಿಂದ. ಅಲ್ಲಿನ ವಿಕ್ಟೋರಿಯಾ ರಾಜ್ಯ ಸರಕಾರ 2019ರಲ್ಲಿ ಇಂಥ ಹೊದಿಕೆ ತೆಗೆಸಲು 60 ಕೋಟಿ ಡಾಲರಿನ ಯೋಜನೆ ಮಾಡಿತು.

ಪ್ರಶ್ನೆ: ನಮ್ಮದು ಕಾಸರಗೋಡು ಪೇಟೆಯ ಹಳೆ ಅಪಾರ್ಟ್‌ಮೆಂಟ್. ಮಳೆಗೆ ಗೋಡೆಯೆಲ್ಲ ಕಪ್ಪು, ಪಾಚಿ. ಪ್ರತಿ ಸಲ ಪೈಂಟಿಗೆ ಸುರಿಯುವುದಕ್ಕಿಂತ ಎದುರಿನ ಗೋಡೆ ಪೂರ್ತಿ ಎಸಿಪಿ ಶೀಟು ಹೊಡೆಸುವ ಅಂತ ಅಸೋಸಿಯೇಶನ್ ಮೀಟಿಂಗಿನಲ್ಲಿ ತೀರ್ಮಾನ ಆಗುವುದರಲ್ಲಿದೆ. ನಾಳೆ ತೊಂದರೆ ಆದರೆ ನಮ್ಮಲ್ಲೂ ಸರಕಾರ ಸಹಾಯ ಮಾಡುತ್ತದಾ? (ಕಾಸರಗೋಡು)

ಉತ್ತರ: ಮಾಡುವುದಿಲ್ಲ ಮಾರಾಯ್ರೇ. ಇಂಗ್ಲೆಂಡಿನ ಹಾಗೆ ಹೊದಿಕೆ ತೆಗೆಸಲು ಕೊಡುವ ಫಂಡು ನಮ್ಮಲ್ಲಿಲ್ಲ. ಹೊಸ ಫ್ಲ್ಯಾಟ್ ಆದರೆ ಕೈಗೆ ಬಂದ ಐದು ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ಬಿಲ್ಡರ್ ಬಿಟ್ಟಿಯಾಗಿ ಸರಿ ಮಾಡಿಕೊಡಬೇಕು ಎಂದು ರೇರಾ ಕಾಯ್ದೆಯಲ್ಲಿದೆ. ನಿಮ್ಮದು ಹಳೇದು, ಶೀಟು ಹೊಡೆಸುವುದು ನೀವೇ. ಹೊಡೆಸುವ ಖರ್ಚೂ ನಿಮ್ಮದು, ಕೀಳಿಸುವ ಖರ್ಚೂ ನಿಮ್ಮದೇ.

ಶೀಟು ಅಂದರೆ ಎಂತ ಅಂತ ಮೊದಲು ನೋಡಿ. ಪೇಟೆಯಲ್ಲಿ ಯಾವುದಾದರೂ ಅಂಗಡಿಗೆ ಬೋರ್ಡು ಹೊಡೆಯುವಾಗ ಕತ್ತರಿಸಿ ಬಿಟ್ಟ ತುಂಡು ಸಿಗುತ್ತದೆ, ಅದನ್ನು ಅಡ್ಡ ಹಿಡಿದು ಅಂಚು ನೋಡಿ. ಎರಡು ಕಡೆ ಕಾಗದದಷ್ಟು ತೆಳು ಅಲ್ಯೂಮಿನಿಯಂ, ನಡುವೆ ಪ್ಲಾಸ್ಟಿಕ್, ಎಲ್ಲ ಸೇರಿ 3-4 ಮಿಲಿಮೀಟರ್. ನಡುವಿನದು ಬರೀ ಪಾಲಿಎಥಿಲೀನ್ ಆದರೆ, ಉರಿದು ಕರಗಿ ಹನಿಹನಿಯಾಗಿ ಕೆಳಗೆ ಬೀಳುತ್ತದೆ, ಬಿದ್ದಲ್ಲೂ ಉರಿಯುತ್ತದೆ. ಗ್ರೆನ್‌ಫೆಲ್ಲಿನಲ್ಲಿ ಇದ್ದದ್ದು ಈ ಜಾತಿಯದ್ದೇ. ಶೀಟಿಗೂ ಗೋಡೆಗೂ ನಡುವೆ ಪಟ್ಟಿ ಕೊಟ್ಟು ಜಾಗ ಬಿಡುತ್ತಾರಲ್ಲ, ಅಲ್ಲಿ ಗಾಳಿ ಕೆಳಗಿನಿಂದ ಮೇಲೆ ಎಳೆಯುತ್ತದೆ, ಬೆಂಕಿಯನ್ನೂ ಹಾಗೇ ಎಳೆಯುತ್ತದೆ. ನಡುವಿನದ್ದು ಹೆಚ್ಚುಪಾಲು ಖನಿಜದ ಪುಡಿಯಾಗಿರುವ ಎ2 ದರ್ಜೆಯ ಶೀಟು ಹಾಗೆ ಉರಿಯುವುದಿಲ್ಲ, ಆದರೆ ಬೆಲೆ ಜಾಸ್ತಿ. ಬಣ್ಣ ನೋಡಿ ಯಾವುದು ಅಂತ ಹೇಳಲಾಗದು, ಕಂಪನಿಯ ಪರೀಕ್ಷಾ ವರದಿಯೇ ಬೇಕು.

ಇನ್ನು ಮಳೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಸುರಿಯುವ ಊರಿನಲ್ಲಿ ಶೀಟಿನ ಸಂದಿಯಿಂದ ಒಳಗೆ ಹೋದ ನೀರು ಎಲ್ಲಿಗೆ ಹೋಗಬೇಕು? ಪಾಚಿ ಹೊರಗೆ ಕಾಣುವುದಿಲ್ಲ ಅಷ್ಟೇ, ಒಳಗೆ ಬೆಳೆಯುತ್ತದೆ. ಬಿರುಕು ಎಲ್ಲಿದೆ, ಕಬ್ಬಿಣ ಎಲ್ಲಿ ತುಕ್ಕು ಹಿಡಿಯಿತು ಎಂದು ನೋಡುವ ಹಾಗೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ವಾಟರ್‌ಪ್ರೂಫಿಂಗ್ ಮಾಡಿಸಿ, ಬಿರುಕು ತುಂಬಿಸಿ, ಪೈಂಟೇ ಹೊಡೆಸಿ.

ಇಲ್ಲ, ಶೀಟೇ ಬೇಕು ಅಂತ ಬಹುಮತ ಆದರೆ, 15 ಮೀಟರಿಗಿಂತ ಎತ್ತರದ ಕಟ್ಟಡವನ್ನು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಾಳಿಗೆಯ ಲೆಕ್ಕಕ್ಕೆ ಹಾಕುತ್ತದೆ, ಅದನ್ನು ಮೀಟಿಂಗಿನಲ್ಲಿ ಹೇಳಿ. ಕೆಲಸಕ್ಕೆ ಮೊದಲು ಫೈರ್ ಆಫೀಸಿಗೆ ಹೋಗಿ ಕೇಳಿ. ಮೆಟ್ಟಿಲಿನ ಕಿಟಕಿ, ಹೊಗೆ ಹೋಗುವ ಜಾಲಿ ಯಾವುದನ್ನೂ ಶೀಟಿನಿಂದ ಮುಚ್ಚಲು ಬಿಡಬೇಡಿ, ಕಂಟ್ರಾಕ್ಟರುಗಳು ಅಂದಕ್ಕೆ ಅಂತ ಮೊದಲು ಮುಚ್ಚುವುದು ಅದನ್ನೇ. ಕೊಟೇಶನ್ನಿನಲ್ಲಿ ಬರೀ ‘ಎಸಿಪಿ’ ಅಂತ ಇದ್ದರೆ ವಾಪಸ್ ಕೊಡಿ, ಕಂಪನಿ, ದರ್ಜೆ ಎರಡೂ ಬರೆದು ತರಲಿ. ಮಿನಿಟ್ಸ್ ಪುಸ್ತಕದಲ್ಲೂ ಅದನ್ನೇ ಬರೆಸಿ, ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಅದೂ ಬರಲಿ. ಸೈಟಿಗೆ ಬಂದ ಶೀಟಿನ ಒಂದು ತುಂಡನ್ನು ಹಿಂದಿನ ಅಚ್ಚು ಕಾಣುವ ಹಾಗೆ ಕತ್ತರಿಸಿ, ತಾರೀಕು ಬರೆದು, ಪರೀಕ್ಷಾ ವರದಿಯ ಜೊತೆ ಅಸೋಸಿಯೇಶನ್ನಿನ ಕಪಾಟಿನಲ್ಲಿ ಇಡಿ.